ಗೆಡ್ಡೆಯ ತೂಕ, ಸೊಪ್ಪಿನ ಹಿಡಿ: ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಊಟದಲ್ಲಿ ಸುವರ್ಣಗೆಡ್ಡೆ ಮತ್ತು ಒಂದೆಲಗ

ನೂರು ಗ್ರಾಂ ಒಂದೆಲಗದಲ್ಲಿರುವ ಕಬ್ಬಿಣ ಅಷ್ಟೇ ತೂಕದ ಸುವರ್ಣಗೆಡ್ಡೆಯಲ್ಲಿರುವುದರ ಒಂಬತ್ತು ಪಟ್ಟು. ಕೆರೋಟಿನ್ ಹತ್ತು ಪಟ್ಟು. ಪ್ರಕಟಿತ ಕೋಷ್ಟಕಗಳನ್ನು ಪಕ್ಕಪಕ್ಕ ಇಟ್ಟರೆ ಸಿಗುವ ಲೆಕ್ಕ ಇದು. ಈ ಲೆಕ್ಕದ ಬಲದ ಮೇಲೆ ಸೊಪ್ಪನ್ನು ಪೌಷ್ಟಿಕವೆಂದೂ ಗೆಡ್ಡೆಯನ್ನು ಹೊಟ್ಟೆ ತುಂಬಿಸುವ ಬರೀ ಪಿಷ್ಟವೆಂದೂ ವಿಂಗಡಿಸುವುದು ಆಹಾರದ ಬಗೆಗಿನ ಬರಹಗಳಲ್ಲಿ ರೂಢಿಯಾಗಿದೆ. ಮಲೆನಾಡಿನ ಮೂರು ತಾಲ್ಲೂಕುಗಳ ಊಟಕ್ಕೆ ಈ ವಿಂಗಡಣೆ ಹೊಂದುವುದಿಲ್ಲ ಎಂಬುದು ಇಲ್ಲಿಯ ವಾದ. ಎಲೆಗೆ ಬೀಳುವ ಪ್ರಮಾಣದಲ್ಲಿ ಅಳೆದರೆ ಕಬ್ಬಿಣ ಮತ್ತು ಕೆರೋಟಿನ್‌ಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಸೊಪ್ಪಿನ ಕಬ್ಬಿಣದ ಅಂಕಿಯಂತೂ ಕಾಣುವಷ್ಟು ಗಟ್ಟಿಯಾದುದಲ್ಲ.

1. ಇದುವರೆಗಿನ ಕೆಲಸ

ಭಾರತೀಯ ಆಹಾರಗಳ ಪೋಷಕಾಂಶಗಳನ್ನು ಕೋಷ್ಟಕವಾಗಿಸುವ ಕೆಲಸಕ್ಕೆ ತಳಹದಿ ಹಾಕಿದ್ದು ಕೂನೂರಿನ ಪ್ರಯೋಗಾಲಯದಿಂದ ಡಬ್ಲ್ಯು. ಆರ್. ಆಯ್‌ಕ್ರಾಯ್ಡ್ 1937ರಲ್ಲಿ ಹೊರತಂದ ಕೈಪಿಡಿ. ಅದರ ಜಾಗದಲ್ಲಿ 1971ರಲ್ಲಿ ಸಿ. ಗೋಪಾಲನ್, ಬಿ. ವಿ. ರಾಮಶಾಸ್ತ್ರಿ, ಎಸ್. ಸಿ. ಬಾಲಸುಬ್ರಹ್ಮಣ್ಯನ್ ಅವರ ಗ್ರಂಥ ಬಂತು. 1989ರಲ್ಲಿ ಬಿ. ಎಸ್. ನರಸಿಂಗ ರಾವ್ ಮತ್ತು ಸಂಗಡಿಗರು ಅದನ್ನು ಪರಿಷ್ಕರಿಸಿದರು. ಟಿ. ಲಾಂಗ್ವಾ ಅವರ ನೇತೃತ್ವದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ 528 ಆಹಾರಗಳಿವೆ. ನಮ್ಮ ಸೀಮೆಗೆ ಅಡುಗೆಯನ್ನು ಶಾಸ್ತ್ರವಾಗಿ ಕಂಡ ಪರಂಪರೆಯೂ ಇದೆ. ಕೆಳದಿಯ ಬಸವಪ್ಪ ನಾಯಕ ಹದಿನೆಂಟನೆಯ ಶತಮಾನದ ಆರಂಭದಲ್ಲಿ ರಚಿಸಿದ ಶಿವತತ್ತ್ವರತ್ನಾಕರದಲ್ಲಿ ಪಾಕಶಾಸ್ತ್ರಕ್ಕೂ ಸ್ಥಾನವಿದೆ.

ಇಲ್ಲಿ ಒಂದೆಲಗವೆಂದರೆ ಸೆಂಟೆಲ್ಲಾ ಏಷಿಯಾಟಿಕಾ. ಬ್ರಾಹ್ಮಿಯೆಂದೇ ಮಾರಾಟವಾಗುವ ಬಕೋಪಾ ಬೇರೆ ಗಿಡ. ಸುವರ್ಣಗೆಡ್ಡೆಯ ಅಂಕಿಗಳನ್ನು 1989ರ ಭಾರತೀಯ ಕೋಷ್ಟಕದಿಂದ ತೆಗೆದುಕೊಂಡಿದ್ದೇನೆ. ನೂರು ಗ್ರಾಂಗೆ ಶಕ್ತಿ 79 ಕಿಲೋ ಕ್ಯಾಲೊರಿ, ಪ್ರೋಟೀನು 1.2 ಗ್ರಾಂ, ಸುಣ್ಣ 50 ಮಿ.ಗ್ರಾಂ, ಕಬ್ಬಿಣ 0.6 ಮಿ.ಗ್ರಾಂ, ಕೆರೋಟಿನ್ 260 ಮೈಕ್ರೋಗ್ರಾಂ. ಒಂದೆಲಗಕ್ಕೆ ಹೆಚ್ಚಾಗಿ ಉಲ್ಲೇಖವಾಗುವುದು ಅದನ್ನು ಹಸಿಯಾಗಿಯೇ ತಿನ್ನುವ ಮಲೇಷ್ಯಾದ ಕೋಷ್ಟಕ. ಅದರಂತೆ ನೂರು ಗ್ರಾಂಗೆ ಪ್ರೋಟೀನು 2.0 ಗ್ರಾಂ, ಸುಣ್ಣ 171 ಮಿ.ಗ್ರಾಂ, ಕಬ್ಬಿಣ 5.6 ಮಿ.ಗ್ರಾಂ, ಕೆರೋಟಿನ್ 2,649 ಮೈಕ್ರೋಗ್ರಾಂ, ಸಿ ಜೀವಸತ್ವ 48.5 ಮಿ.ಗ್ರಾಂ. ಒಂದೆಲಗದ ಏಷಿಯಾಟಿಕೋಸೈಡ್‌ನಂಥ ಸಪೋನಿನ್‌ಗಳು ಔಷಧದ ವಿಚಾರ. ಅವು ಪೋಷಕಾಂಶಗಳಲ್ಲವಾದ್ದರಿಂದ ಈ ಲೆಕ್ಕಕ್ಕೆ ಬರುವುದಿಲ್ಲ.

2. ನೂರು ಗ್ರಾಂ ಯಾರ ಅಳತೆ?

ನೂರು ಗ್ರಾಂ ಎಂಬುದು ಪ್ರಯೋಗಾಲಯಕ್ಕೆ ಅನುಕೂಲವಾದ ಅಳತೆ. ನೂರು ಗ್ರಾಂ ಗೆಡ್ಡೆಯನ್ನು ಒಬ್ಬರು ಒಂದೇ ಊಟದಲ್ಲಿ ತಿಂದಾರು. ನೂರು ಗ್ರಾಂ ಒಂದೆಲಗವನ್ನು ಯಾರೂ ತಿನ್ನುವುದಿಲ್ಲ.

ಸಾಗರದ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಸುವರ್ಣಗೆಡ್ಡೆ ಹುಳಿಗೂ ಪಲ್ಯಕ್ಕೂ ಬೀಳುತ್ತದೆ. ಕೈಗೆ ಎಣ್ಣೆ ಸವರಿಕೊಂಡು, ಮೆಟ್ಟುಕತ್ತಿಯ ಮೇಲೆ ಸಿಪ್ಪೆಯನ್ನು ದಪ್ಪಗೆ ಹೆರೆದು, ಹೋಳುಗಳನ್ನು ಹುಣಿಸೆ ನೀರಿನಲ್ಲೋ ಮಜ್ಜಿಗೆಯಲ್ಲೋ ನೆನೆಸಿ ಬೇಯಿಸುವುದು ಕ್ರಮ. ಹುಳಿಯಲ್ಲಿ ತರಕಾರಿ ಗೆಡ್ಡೆಯೊಂದೇ ಆದ ದಿನ ಒಬ್ಬರ ಪಾಲು ನೂರು ಗ್ರಾಂ ಎಂದಿಟ್ಟುಕೊಳ್ಳುವುದು ಅತಿಯಾಗದು.

ಒಂದೆಲಗದ ಕಥೆ ಬೇರೆ. ತೋಟದ ಕಾಲುವೆಯ ಬದಿಯಲ್ಲೋ ಗದ್ದೆಯ ಬದುವಿನಲ್ಲೋ ಹಬ್ಬಿದ್ದನ್ನು ಒಂದು ಹಿಡಿ ಕಿತ್ತು ತರುತ್ತಾರೆ. ಜೀರಿಗೆ, ಕಾಳುಮೆಣಸು, ಕಾಯಿತುರಿಯ ಜೊತೆ ಅರೆದು, ಮಜ್ಜಿಗೆ ಬೆರೆಸಿ ಒಗ್ಗರಣೆ ಕೊಟ್ಟರೆ ನಾಲ್ಕೈದು ಜನರಿಗೆ ತಂಬುಳಿಯಾಯಿತು. ಆ ಹಿಡಿ ಸೊಪ್ಪನ್ನು 40ರಿಂದ 50 ಗ್ರಾಂ ಎಂದು ಹಿಡಿದರೆ ತಲೆಗೆ ಹತ್ತು ಗ್ರಾಂ ಬೀಳುತ್ತದೆ.

ಈ ಪಾಲುಗಳನ್ನು ಕೋಷ್ಟಕಕ್ಕೆ ಹಚ್ಚಿದರೆ ಹೀಗಾಗುತ್ತದೆ. ಕಬ್ಬಿಣ: ಗೆಡ್ಡೆಯಿಂದ 0.6, ಸೊಪ್ಪಿನಿಂದ 0.56 ಮಿ.ಗ್ರಾಂ. ಕೆರೋಟಿನ್: ಗೆಡ್ಡೆಯಿಂದ 260, ಸೊಪ್ಪಿನಿಂದ 265 ಮೈಕ್ರೋಗ್ರಾಂ. ಸುಣ್ಣ: 50 ಮತ್ತು 17 ಮಿ.ಗ್ರಾಂ. ಶಕ್ತಿ: 79 ಮತ್ತು ಸುಮಾರು 4 ಕಿಲೋ ಕ್ಯಾಲೊರಿ. ಗೆಡ್ಡೆಯಲ್ಲಿ ಕೋಷ್ಟಕ ಸಿ ಜೀವಸತ್ವವನ್ನು ತೋರಿಸುವುದಿಲ್ಲ. ಸೊಪ್ಪಿನಿಂದ ಹೆಚ್ಚೆಂದರೆ 5 ಮಿ.ಗ್ರಾಂ ಬರುತ್ತದೆ. ತಂಬುಳಿಯ ಪೌಷ್ಟಿಕತೆಯೆಂದು ನಾವು ಹೊಗಳುವುದರಲ್ಲಿ ದೊಡ್ಡ ಪಾಲು ಸೊಪ್ಪಿನದೂ ಅಲ್ಲ. ನೂರು ಮಿ.ಲೀ. ಮಜ್ಜಿಗೆ 30 ಮಿ.ಗ್ರಾಂ ಸುಣ್ಣ ಕೊಟ್ಟರೆ, ಹತ್ತು ಗ್ರಾಂ ಕಾಯಿತುರಿ ಕೊಡುವ ಶಕ್ತಿ ಸೊಪ್ಪಿನದರ ಹತ್ತು ಪಟ್ಟು.

ಈ ಸಮತೆ ನಾನು ಹಿಡಿದ ಪಾಲುಗಳ ಮೇಲೆ ನಿಂತಿದೆ ಎಂಬ ಆಕ್ಷೇಪಕ್ಕೆ ಅರ್ಥವಿದೆ. ಆದ್ದರಿಂದ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ಗೆಡ್ಡೆ ಸೊಪ್ಪಿನ ಎಷ್ಟು ಪಟ್ಟಾದರೆ ಎರಡೂ ಸಮವಾಗುತ್ತವೆ? ಕಬ್ಬಿಣಕ್ಕೆ 9.3 ಪಟ್ಟು, ಕೆರೋಟಿನ್‌ಗೆ 10.2, ಸುಣ್ಣಕ್ಕೆ 3.4, ಪ್ರೋಟೀನಿಗೆ 1.7. ಒಂದೆಲಗದ ಚಟ್ನಿ ಮಾಡಿ ಒಬ್ಬರು ಇಪ್ಪತ್ತು ಗ್ರಾಂ ತಿಂದರೆ ಕಬ್ಬಿಣ, ಕೆರೋಟಿನ್‌ಗಳಲ್ಲಿ ಸೊಪ್ಪು ಮುಂದಾಗುತ್ತದೆ. ಪ್ರೋಟೀನು, ಸುಣ್ಣಗಳಲ್ಲಿ ಆಗಲೂ ಗೆಡ್ಡೆಯೇ ಮುಂದು. ಪಾಲು ಗೊತ್ತಿಲ್ಲದೆ ಶ್ರೇಣಿ ಕಟ್ಟಲಾಗದು ಎಂಬುದಷ್ಟೇ ಇದರಿಂದ ಸಿದ್ಧವಾಗುವುದು.

3. ಕಬ್ಬಿಣದ ಅಂಕಿ ಮತ್ತು ಕೆಂಪು ಮಣ್ಣು

ಮುಖ್ಯ ತಕರಾರು ಇರುವುದು ಇಲ್ಲಿ. ಒಂದೆಲಗದ 5.6 ಮಿ.ಗ್ರಾಂ ಕಬ್ಬಿಣವೆಲ್ಲ ಎಲೆಯೊಳಗಿನದೇ ಎಂದು ನಂಬಲು ಹಿಂಜರಿಯಬೇಕಾದ ಕಾರಣಗಳಿವೆ.

ಮೊದಲ ಕಾರಣ ಭಾರತೀಯ ಕೋಷ್ಟಕದ ಇತಿಹಾಸದಲ್ಲೇ ಇದೆ. ಕೊತ್ತಂಬರಿ ಸೊಪ್ಪಿನ ಕಬ್ಬಿಣ ಹಳೆಯ ಮುದ್ರಣಗಳಲ್ಲಿ ನೂರು ಗ್ರಾಂಗೆ 18.5 ಮಿ.ಗ್ರಾಂ, ಪರಿಷ್ಕೃತ ಆವೃತ್ತಿಯಲ್ಲಿ 1.42. ಪಾಲಕದ್ದು 10.9ರಿಂದ 1.14ಕ್ಕೆ ಇಳಿಯಿತು. ಎರಡು ದಶಕದಲ್ಲಿ ಕೊತ್ತಂಬರಿ ಗಿಡ ತನ್ನ ಕಬ್ಬಿಣವನ್ನು ಹದಿಮೂರರಲ್ಲಿ ಒಂದು ಪಾಲಿಗೆ ಇಳಿಸಿಕೊಂಡಿರಲಾರದು. ಮಾದರಿ, ತೊಳೆದ ರೀತಿ, ವಿಶ್ಲೇಷಣೆಯ ವಿಧಾನ, ಇವುಗಳಲ್ಲಿ ಯಾವುದು ಎಷ್ಟು ಕಾರಣವೆಂದು ಬಿಡಿಸಿ ಹೇಳುವುದು ಕಷ್ಟ. ಆದರೆ ನೆಲಕ್ಕೆ ಹತ್ತಿರವಾಗಿ ಬೆಳೆಯುವ ಸೊಪ್ಪುಗಳ ಕಬ್ಬಿಣದ ಅಂಕಿಯನ್ನು ಅಂಟಿದ ಮಣ್ಣು ಏರಿಸುತ್ತದೆ ಎಂಬುದು ವಿಶ್ಲೇಷಕರಿಗೆ ಹೊಸ ಸಂಗತಿಯಲ್ಲ.

ಎರಡನೆಯ ಕಾರಣ ಗಿಡದ ಸ್ವಭಾವ. ಒಂದೆಲಗ ನೆಲಕ್ಕೇ ಅಂಟಿ ಹರಿಯುತ್ತದೆ, ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ಅನೇಕ ಮನೆಗಳಲ್ಲಿ ತಂಬುಳಿಗೆ ಬೇರು ಸಮೇತ ಅರೆಯುತ್ತಾರೆ. ಮೂರನೆಯದು ನಮ್ಮ ಮಣ್ಣು. ಆಗುಂಬೆ, ಹುಲಿಕಲ್‌ಗಳ ಜಡಿಮಳೆ ಸುಣ್ಣ, ಪೊಟ್ಯಾಷ್‌ಗಳನ್ನು ತೊಳೆದುಕೊಂಡು ಹೋಗಿ ಉಳಿಸಿದ್ದು ಕಬ್ಬಿಣದ ಆಕ್ಸೈಡು ತುಂಬಿದ ಜಂಬಿಟ್ಟಿಗೆಯ ಮಣ್ಣು. ಮಳೆಗಾಲದಲ್ಲಿ ಕಿತ್ತ ಸೊಪ್ಪನ್ನು ಜಾಲಾಡಿದಾಗ ಎರಡನೆಯ ನೀರೂ ಕೆಂಪಗಿರುತ್ತದೆ. ಬೇರಿನ ಕವಲಿನಲ್ಲಿ ಸಿಕ್ಕ ಕಣಗಳು ಮೂರನೆಯ ನೀರಿಗೂ ಬಿಡುವುದಿಲ್ಲ. ಇಂಥ ಮಣ್ಣಿನಲ್ಲಿ ಕಬ್ಬಿಣ ನೂರಕ್ಕೆ ಐದರಷ್ಟಿದ್ದರೆ, ನೂರು ಗ್ರಾಂ ಸೊಪ್ಪಿಗೆ ಅಂಟಿದ ಇಪ್ಪತ್ತನೆಯ ಒಂದು ಗ್ರಾಂ ಒಣಮಣ್ಣು ಸಾಕು, 2.5 ಮಿ.ಗ್ರಾಂ ಕಬ್ಬಿಣ ಲೆಕ್ಕಕ್ಕೆ ಸೇರಿಬಿಡುತ್ತದೆ. ಆ ಆಕ್ಸೈಡಿನಲ್ಲಿ ಮೈಗೆ ಹತ್ತುವುದು ತೀರ ಕಡಿಮೆ. ಗೆಡ್ಡೆಗೆ ಈ ಸಮಸ್ಯೆ ಅಷ್ಟಾಗಿ ಇಲ್ಲ. ಮಣ್ಣು ಹೆರೆದ ಸಿಪ್ಪೆಯ ಜೊತೆಗೇ ಹೋಗುತ್ತದೆ.

ಹಾಗೆಂದು 5.6 ಎಂಬ ಅಂಕಿ ತಪ್ಪೆಂದು ನಾನು ಹೇಳುತ್ತಿಲ್ಲ. ಅದು ಮಲೇಷ್ಯಾದ ಮಾದರಿಯದು; ಅಲ್ಲಿ ಚೆನ್ನಾಗಿ ತೊಳೆದೇ ಅಳೆದಿರಬಹುದು. ಹಸಿರೆಲೆಯಲ್ಲಿ ಗೆಡ್ಡೆಗಿಂತ ಕಬ್ಬಿಣ ಹೆಚ್ಚಿರುವುದು ಸಸ್ಯಶಾಸ್ತ್ರಕ್ಕೆ ಒಪ್ಪುವ ಮಾತೇ. ನನ್ನ ಹೇಳಿಕೆ ಇಷ್ಟಕ್ಕೆ ಸೀಮಿತ: ಆ ಅಂಕಿಯಲ್ಲಿ ಮೂರನೆಯ ಒಂದು ಪಾಲು ಮಣ್ಣಿನದಾದರೂ ಸಮಬಿಂದು ಒಂಬತ್ತರಿಂದ ಆರು ಪಟ್ಟಿಗೆ ಇಳಿಯುತ್ತದೆ; ಆಗ ತಂಬುಳಿಗಿಂತ ಹುಳಿಯೇ ಹೆಚ್ಚು ಕಬ್ಬಿಣ ಕೊಟ್ಟಂತಾಗುತ್ತದೆ. ಎರಡೂ ಅಲ್ಪವೇ ಎಂಬುದನ್ನೂ ಮರೆಯಬಾರದು. 2020ರ ರಾಷ್ಟ್ರೀಯ ಶಿಫಾರಸಿನಂತೆ ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿ.ಗ್ರಾಂ ಕಬ್ಬಿಣ ಬೇಕು. ಇವೆರಡರಲ್ಲಿ ಯಾವುದೂ ಅದರ ನೂರಕ್ಕೆ ಸುಮಾರು ಎರಡು ಪಾಲಿಗಿಂತ ಹೆಚ್ಚು ಕೊಡುವುದಿಲ್ಲ.

4. ಮೈಗೆ ಹತ್ತುವ ಪ್ರಶ್ನೆ

ಸುಣ್ಣದಲ್ಲಿ ಗೆಡ್ಡೆಗೆ ಕಾಣುವ ಮೇಲುಗೈಯನ್ನೂ ಹಾಗೆಯೇ ಒಪ್ಪಲಾಗದು. ಬಾಯಿ ತುರಿಸುವ ಗೆಡ್ಡೆಯಲ್ಲಿ ಸುಣ್ಣದ ಒಂದಂಶ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಾಗಿ ಕಟ್ಟಿಬಿದ್ದಿರುತ್ತದೆ. ಬೇಯಿಸಿ ನೀರು ಬಸಿದರೆ ಕರಗುವ ಆಕ್ಸಲೇಟು ಕಡಿಮೆಯಾಗುತ್ತದೆ. ಸೂಜಿಗಳ ರೂಪದ್ದು ಬಹುಮಟ್ಟಿಗೆ ಉಳಿಯುತ್ತದೆ. ಹುಣಿಸೆ ತುರಿಕೆಯನ್ನು ಇಳಿಸುವುದು ಅನುಭವಸಿದ್ಧವಾದರೂ ಅದರಿಂದ ಸುಣ್ಣ ಬಿಡುಗಡೆಯಾಗುತ್ತದೆ ಎಂದು ಹೇಳಲು ಆಧಾರ ಸಾಲದು.

ಒಂದೆಲಗದ ಪರವಾಗಿ ಹೇಳಬಹುದಾದ ಬಲವಾದ ಮಾತು ಹಸಿತನದ್ದು. ಹಸಿಯಾಗಿ ಅರೆದ ಸೊಪ್ಪಿನ ಸಿ ಜೀವಸತ್ವ ಅನ್ನದ ಕಬ್ಬಿಣ ಹೀರಲು ನೆರವಾದೀತು. ಆದರೆ ಈ ನೆರವು ಸ್ಪಷ್ಟವಾಗಿ ಕಾಣಲು ಸಾಮಾನ್ಯವಾಗಿ 25 ಮಿ.ಗ್ರಾಂನಷ್ಟಾದರೂ ಬೇಕು, ಇಲ್ಲಿರುವುದು ಐದು. ಅರೆದು ಇಟ್ಟಷ್ಟು ಹೊತ್ತೂ ಅದು ನಶಿಸುತ್ತದೆ, ತುಪ್ಪದಲ್ಲಿ ಬಾಡಿಸಿ ಅರೆಯುವ ಮನೆಗಳಲ್ಲಿ ಇನ್ನೂ ಕಡಿಮೆ. ಮಜ್ಜಿಗೆಯ ಸುಣ್ಣ ಕಬ್ಬಿಣಕ್ಕೆ ಅಡ್ಡಿಯೂ ಹೌದು. ಕೆರೋಟಿನ್ ವಿಷಯದಲ್ಲಿ ಮಾತ್ರ ತಂಬುಳಿಗೆ ನಿಜವಾದ ಅನುಕೂಲವಿದೆ: ನುಣ್ಣಗೆ ಅರೆಯುವುದರಿಂದ ಜೀವಕೋಶಗಳು ಒಡೆಯುತ್ತವೆ, ಕಾಯಿಯ ಕೊಬ್ಬು ಜೊತೆಗಿರುತ್ತದೆ. ಎಣ್ಣೆ ಹಾಕದ ಗೆಡ್ಡೆಯ ಹುಳಿಗೆ ಆ ಅನುಕೂಲ ಕಾಯಿ ಅರೆದು ಹಾಕಿದಾಗಷ್ಟೇ.

5. ಉಳಿದಿರುವುದು

ಈ ಲೇಖನ ನೂರು ಗ್ರಾಂ ಲೆಕ್ಕದ ಶ್ರೇಣಿಯನ್ನು ಸಡಿಲಿಸಿದೆ. ಅದರ ಜಾಗದಲ್ಲಿ ಹೊಸ ಶ್ರೇಣಿಯನ್ನು ಸ್ಥಾಪಿಸಿಲ್ಲ. ಅದಕ್ಕೆ ಮೂರು ಕೆಲಸ ಆಗಬೇಕು. ಒಂದು, ಮೂರೂ ತಾಲ್ಲೂಕುಗಳ ಒಂದೆಲಗವನ್ನು ಬೇರು ಸಮೇತ, ಬೇರಿಲ್ಲದೆ, ಬೇರೆ ಬೇರೆ ಸಲ ತೊಳೆದು ಅಳೆಯಬೇಕು. ಕಬ್ಬಿಣದ ಜೊತೆಗೆ ಅಲ್ಯೂಮಿನಿಯಂ ಅಥವಾ ಟೈಟಾನಿಯಂ ಅಳೆದರೆ ಮಣ್ಣಿನ ಪಾಲು ಬೇರ್ಪಡುತ್ತದೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಇರುವುದರಿಂದ ಇದು ದೂರದ ಕೆಲಸವಲ್ಲ. ಎರಡು, ತುರಿಸುವ ಊರ ಗೆಡ್ಡೆಗೂ ತುರಿಸದ ಗಜೇಂದ್ರ ತಳಿಗೂ ಆಕ್ಸಲೇಟು, ಕೆರೋಟಿನ್‌ಗಳಲ್ಲಿ ಎಷ್ಟು ಅಂತರವಿದೆ ಎಂದು ನೋಡಬೇಕು. ಕೋಷ್ಟಕದ ಒಂದೇ ಅಂಕಿ ಎರಡಕ್ಕೂ ಸಲ್ಲಲಾರದು. ಮೂರು, ಪಾಲುಗಳನ್ನು ಮನೆಮನೆಯ ತಕ್ಕಡಿಯಲ್ಲಿ, ಮಳೆಗಾಲ ಬೇಸಿಗೆಗಳೆರಡರಲ್ಲೂ ತೂಗಬೇಕು. ತೋಟದ ಮಾಲೀಕರ ಊಟವನ್ನೇ ಸೀಮೆಯ ಊಟವೆಂದು ಹಿಡಿಯದೆ ಕೂಲಿಕಾರರ ಮನೆಗಳನ್ನೂ ಸೇರಿಸಬೇಕು. ಮೊದಲ ಅಳತೆಯಲ್ಲಿ ಮಣ್ಣಿನ ಪಾಲು ನಗಣ್ಯವೆಂದು ಕಂಡುಬಂದರೆ ಮೂರನೆಯ ಭಾಗದ ವಾದ ಬೀಳುತ್ತದೆ. ಎರಡನೆಯ ಭಾಗದ್ದು ನಿಲ್ಲುವುದೋ ಬೀಳುವುದೋ ತಕ್ಕಡಿ ಹೇಳುವ ಪಾಲಿನ ಮೇಲಿದೆ.