ಇಂಗ್ಲಿಷ್ ಹಾಡು ಕೇಳಿದರೆ ಇಂಗ್ಲಿಷ್ ಬರುತ್ತದೆಯೇ? ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ

‘ಗ್ರಾಮರ್ ಬೇಡ, ಟ್ಯೂಷನ್ ಬೇಡ. ದಿನಾ ಇಂಗ್ಲಿಷ್ ಹಾಡು ಕೇಳಿ, ಒಂದೇ ತಿಂಗಳಲ್ಲಿ ಇಂಗ್ಲಿಷ್ ಮಾತಾಡಿ!’ ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಕೆಲವದರಲ್ಲಿ ‘ಮಲಗುವಾಗ ಇಯರ್‌ಫೋನ್ ಹಾಕಿಕೊಂಡರೂ ಸಾಕು’ ಎಂಬ ಬಾಲಂಗೋಚಿ ಇರುತ್ತದೆ, ಕೊನೆಯಲ್ಲಿ ಹಣ ಕಟ್ಟುವ ಲಿಂಕ್ ಇರುತ್ತದೆ. ಇಂಗ್ಲಿಷ್ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಇಂಟರ್‌ವ್ಯೂಗೆ ಹೋಗಲು ಹಿಂಜರಿಯುವವರಿಗೆ ಇದನ್ನು ಓದಿ ಆಸೆ ಹುಟ್ಟುವುದು ಸಹಜ. ಹಾಗಾಗಿಯೇ ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ತಿಳಿದಿರಬೇಕು.

ಚುಟುಕಾಗಿ ಹೇಳುವುದಾದರೆ: ಇದು ಅರ್ಧ ನಿಜ. ಹಾಡು ಪದದ ಸದ್ದನ್ನು ಚೆನ್ನಾಗಿ ನೆನಪಿನಲ್ಲಿ ಕೂರಿಸುತ್ತದೆ. ಅರ್ಥವನ್ನು ಮತ್ತು ಬಳಕೆಯನ್ನು ನೀವೇ ಕೂರಿಸಬೇಕು.

ನಿಜ ಎಷ್ಟು?

ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. 60 ವಯಸ್ಕರಿಗೆ ಹಂಗೇರಿಯನ್ ಭಾಷೆಯ ಚಿಕ್ಕ ಚಿಕ್ಕ ಪದಗುಚ್ಛಗಳನ್ನು ಅವುಗಳ ಇಂಗ್ಲಿಷ್ ಅರ್ಥದ ಜೊತೆಗೆ ಕಲಿಸಲಾಯಿತು. ಒಂದು ಗುಂಪು ಕೇಳಿದ್ದನ್ನು ಮಾತಿನಂತೆ ಹೇಳಿತು, ಎರಡನೆಯದು ತಾಳಕ್ಕೆ ಸರಿಯಾಗಿ ಹೇಳಿತು, ಮೂರನೆಯದು ಹಾಡಿತು. ಕಲಿಕೆಗೆ ಸಿಕ್ಕಿದ್ದು 15 ನಿಮಿಷ. ನಂತರದ ಪರೀಕ್ಷೆಗಳಲ್ಲಿ ಒಟ್ಟಾರೆ ಮುಂದಿದ್ದವರು ಹಾಡಿದವರೇ.

2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇಂಗ್ಲಿಷ್ ಕಲಿಯುತ್ತಿದ್ದ 300 ಮಂದಿ ಥಾಯ್ಲೆಂಡ್ ವಿದ್ಯಾರ್ಥಿಗಳ ಮೇಲೆ ನಡೆದದ್ದು. ಅವರಿಗೆ ಎರಡು ಹಾಡುಗಳನ್ನು ಒಂದು, ಮೂರು ಅಥವಾ ಐದು ಸಲ ಕೇಳಿಸಲಾಯಿತು. ಹೆಚ್ಚು ಸಲ ಕೇಳಿದಷ್ಟೂ, ಹಾಡಿನಲ್ಲಿ ಪದ ಹೆಚ್ಚು ಸಲ ಬಂದಷ್ಟೂ ಕಲಿಕೆ ಹೆಚ್ಚಿತ್ತು.

ಇದರಲ್ಲಿ ಅಚ್ಚರಿಯೇನಿಲ್ಲ. ನಮ್ಮ ಶಾಲೆಗಳಲ್ಲಿ ಮಗ್ಗಿಯನ್ನು ರಾಗವಾಗಿ ಹೇಳಿಸುವುದೂ ಇದೇ ಕಾರಣಕ್ಕೆ. ರಾಗ ಮತ್ತು ತಾಳ ಮುಂದಿನ ಪದವನ್ನು ನೆನಪಿಸುತ್ತವೆ, ಪಲ್ಲವಿ ಮತ್ತೆ ಮತ್ತೆ ಬಂದು ಪುನರಾವರ್ತನೆ ಮಾಡಿಸುತ್ತದೆ.

ಆದರೆ ಎಡಿನ್‌ಬರೊ ಪ್ರಯೋಗದ ಎರಡು ವಿಷಯಗಳನ್ನು ಫಾರ್ವರ್ಡ್‌ಗಳು ಹೇಳುವುದಿಲ್ಲ. ಒಂದು, ಅಲ್ಲಿದ್ದವರು ಬರೀ ಕೇಳಲಿಲ್ಲ, ಬಾಯಿಬಿಟ್ಟು ಹಾಡಿದರು. ಎರಡು, ಅವರಿಗೆ ಪ್ರತಿ ಪದಗುಚ್ಛದ ಅರ್ಥವನ್ನೂ ಕೊಡಲಾಗಿತ್ತು.

ಹಾಡು ಎಲ್ಲಿ ಕೈಕೊಡುತ್ತದೆ?

ಮೊದಲನೆಯದು, ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಬಿಸಿಡಿ ಹಾಡನ್ನೇ ನೋಡಿ. ಎಲ್, ಎಮ್, ಎನ್, ಓ, ಪಿ ಎಂಬ ಐದು ಅಕ್ಷರಗಳು ರಾಗದಲ್ಲಿ ಓಡಿಹೋಗುವುದರಿಂದ ಎಷ್ಟೋ ಮಕ್ಕಳು ‘ಎಲ್ಲೆಮ್ಮೆನ್ನೋಪಿ’ ಎಂಬುದು ಒಂದೇ ಅಕ್ಷರ ಎಂದುಕೊಳ್ಳುತ್ತಾರೆ. ಇಂಗ್ಲಿಷೇ ಮನೆಮಾತಾದವರಿಗೂ ಹೀಗಾಗುತ್ತದೆ. ಅಮೆರಿಕದ ಲೇಖಕಿ ಸಿಲ್ವಿಯಾ ರೈಟ್ ಬಾಲ್ಯದಲ್ಲಿ ಒಂದು ಹಳೆಯ ಲಾವಣಿಯ ಪದಗಳನ್ನು ‘ಲೇಡಿ ಮಾಂಡೆಗ್ರೀನ್’ ಎಂಬ ಹೆಂಗಸಿನ ಹೆಸರೆಂದು ಕೇಳಿಸಿಕೊಂಡಿದ್ದರು. ಅಂಥ ಹೆಂಗಸು ಆ ಲಾವಣಿಯಲ್ಲಿ ಇರಲೇ ಇಲ್ಲ! 1954ರಲ್ಲಿ ಅವರು ಇದರ ಬಗ್ಗೆ ಬರೆದ ಮೇಲೆ ಹೀಗೆ ತಪ್ಪಾಗಿ ಕೇಳಿಸುವ ಸಾಲುಗಳಿಗೆ ‘ಮಾಂಡೆಗ್ರೀನ್’ ಎಂಬ ಹೆಸರೇ ಬಂತು.

ಎರಡನೆಯದು, ಪದದ ಅರ್ಥ ಗೊತ್ತಿದ್ದರೂ ಸಾಲಿನ ಅರ್ಥ ಸಿಗದಿರಬಹುದು. ಕ್ವೀನ್ ತಂಡದ 1980ರ ಪ್ರಸಿದ್ಧ ಹಾಡಿನ ಹೆಸರು ‘ಅನದರ್ ಒನ್ ಬೈಟ್ಸ್ ದ ಡಸ್ಟ್’. ಪದಕ್ಕೆ ಪದ ಅರ್ಥ ಹಚ್ಚಿದರೆ ‘ಇನ್ನೊಬ್ಬ ದೂಳು ಕಚ್ಚುತ್ತಾನೆ’ ಎಂದಾಗುತ್ತದೆ. ಅದು ನುಡಿಗಟ್ಟು ಎಂದು ಗೊತ್ತಾದರೆ ಮಾತ್ರ ನಮ್ಮ ‘ಮಣ್ಣುಮುಕ್ಕಿದ’ ನೆನಪಾಗುತ್ತದೆ, ‘ಇನ್ನೊಬ್ಬನೂ ಬಿದ್ದ’ ಎಂಬ ಅರ್ಥ ಹೊಳೆಯುತ್ತದೆ.

ಮೂರನೆಯದು, ಹಾಡಿನ ವ್ಯಾಕರಣ ಎಲ್ಲ ಕಡೆ ನಡೆಯುವುದಿಲ್ಲ. ರೋಲಿಂಗ್ ಸ್ಟೋನ್ಸ್ ತಂಡದ 1965ರ ‘ಐ ಕಾಂಟ್ ಗೆಟ್ ನೋ ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನ ಹೆಸರಿನಲ್ಲೇ ಎರಡು ‘ಇಲ್ಲ’ಗಳಿವೆ. ಆಡುಮಾತಿನಲ್ಲಿ ಹೀಗೆ ಹೇಳುವವರು ಬಹಳ ಮಂದಿ ಇದ್ದಾರೆ. ಆದರೆ ಕೆಲಸದ ಅರ್ಜಿಯಲ್ಲಿ ಹೀಗೆ ಬರೆದರೆ ತಪ್ಪು ಎನ್ನುತ್ತಾರೆ. ‘ಗೋಯಿಂಗ್ ಟು’ ಬದಲು ‘ಗಾನಾ’, ‘ವಾಂಟ್ ಟು’ ಬದಲು ‘ವಾನಾ’ ಕೂಡ ಇಂಥವೇ. ಕೇಳಿದಾಗ ಗುರುತು ಸಿಗಬೇಕು, ಅರ್ಜಿಯಲ್ಲಿ ಬರೆಯಬಾರದು.

ನಿದ್ದೆಯಲ್ಲಿ ಕೇಳಿದರೆ?

ಇದು ಹಳೆಯ ನಂಬಿಕೆ. ಅಮೆರಿಕದ ಚಾರ್ಲ್ಸ್ ಸೈಮನ್ ಮತ್ತು ವಿಲಿಯಂ ಎಮನ್ಸ್ 1950ರ ದಶಕದಲ್ಲೇ ಇದನ್ನು ಪರೀಕ್ಷಿಸಿದ್ದರು. ಮಿದುಳಿನ ಅಲೆಗಳನ್ನು ಅಳೆದು, ನಿಜವಾಗಿ ನಿದ್ದೆ ಬಂದಿದೆ ಎಂದು ಖಚಿತವಾದಾಗ ಕೇಳಿಸಿದ ಮಾಹಿತಿ ಎದ್ದ ಮೇಲೆ ನೆನಪಿರಲಿಲ್ಲ. ಎಚ್ಚರವಿದ್ದಾಗ ಕಲಿತದ್ದು ಗಟ್ಟಿಯಾಗಲು ಒಳ್ಳೆಯ ನಿದ್ದೆ ಬೇಕು, ಅದು ನಿಜ. ಹಾಗಾಗಿ ಇಯರ್‌ಫೋನ್ ತೆಗೆದಿಟ್ಟು ಮಲಗುವುದೇ ಲಾಭ.

ರಾಜ್‌ಕುಮಾರ್ ಹಾಡಿನಲ್ಲೊಂದು ಪಾಠ

1978ರ ‘ಆಪರೇಷನ್ ಡೈಮಂಡ್ ರ‍್ಯಾಕೆಟ್’ ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಹಾಡಿದ ‘ಇಫ್ ಯು ಕಮ್ ಟುಡೇ’ ಹಾಡು ಇಂಗ್ಲಿಷ್ ಬಾರದ ಕನ್ನಡಿಗರ ಬಾಯಲ್ಲೂ ಇದೆ. ಅದರ ಹೆಸರಿನ ನಾಲ್ಕು ಪದಗಳಲ್ಲೇ ಒಂದು ವ್ಯಾಕರಣ ಪಾಠವಿದೆ. ನಮ್ಮಲ್ಲಿ ಅನೇಕರು ‘ಇಫ್ ಯು ವಿಲ್ ಕಮ್’ ಎನ್ನುತ್ತಾರೆ. ಆದರೆ ‘ನೀನು ಬಂದರೆ’ ಎಂಬ ಅರ್ಥದಲ್ಲಿ ‘ಇಫ್’ ಬಂದಾಗ, ಮುಂದೆ ನಡೆಯುವ ಮಾತಾದರೂ ಸಾಮಾನ್ಯವಾಗಿ ‘ವಿಲ್’ ಬೇಡ. ಕನ್ನಡದಲ್ಲೂ ‘ಬಂದರೆ’ ಎನ್ನುತ್ತೇವೆ, ‘ಬರುವರೆ’ ಎನ್ನುವುದಿಲ್ಲ.

ಈ ಹೆಸರನ್ನು ಅಚ್ಚಿನಂತೆ ಇಟ್ಟುಕೊಂಡು ‘ಇಫ್ ಯು ಗೋ ಟುಡೇ’, ‘ಇಫ್ ಯು ಕಾಲ್ ಟುಮಾರೊ’ ಎಂದು ಬದಲಿಸುತ್ತಾ ಹೋದರೆ ಹಾಡು ಮಾತಾಗುತ್ತದೆ. ಬರೀ ಗುನುಗಿದರೆ ಅದು ಹಾಡಾಗಿಯೇ ಉಳಿಯುತ್ತದೆ.

ಹಾಗಾದರೆ ಏನು ಮಾಡಬೇಕು?

1. ನಿಧಾನವಾದ, ಮಾತಿನಂತಿರುವ ಹಾಡು ಆರಿಸಿ. ವೇಗದ ರ‍್ಯಾಪ್ ಆಮೇಲೆ ನೋಡೋಣ.

2. ಮೊದಲು ಸಾಹಿತ್ಯ ನೋಡದೆ ಕೇಳಿ, ಕೇಳಿಸಿದ್ದನ್ನು ಬರೆದಿಡಿ. ನಂತರ ಸಾಹಿತ್ಯ ತೆರೆದು ಹೋಲಿಸಿ. ಎಲ್ಲಿ ತಪ್ಪಿದ್ದೀರೋ ಅಲ್ಲೇ ನಿಮ್ಮ ಪಾಠವಿದೆ.

3. ದಿನಬಳಕೆಗೆ ಬರುವ ಐದು ಪದಗುಚ್ಛಗಳನ್ನು ಮಾತ್ರ ಆರಿಸಿ. ಬಿಡಿ ಪದ ಸಾಲದು. ‘ಗಿವ್’ ಎಂದರೆ ಕೊಡು, ಆದರೆ ‘ಗಿವ್ ಅಪ್’ ಎಂದರೆ ಕೈಬಿಡು. ನಿಘಂಟು ನೋಡಿ ಅರ್ಥವನ್ನು ಕನ್ನಡದಲ್ಲೇ ಬರೆದುಕೊಳ್ಳಿ.

4. ಬಾಯಿಬಿಟ್ಟು ಹಾಡಿ. ಕಂಠ ಹೇಗಿದ್ದರೂ ಚಿಂತೆಯಿಲ್ಲ.

5. ಮರುದಿನ ರಾಗ ಬಿಟ್ಟು, ಅದೇ ಪದಗುಚ್ಛವನ್ನು ನಿಮ್ಮ ಸ್ವಂತ ವಾಕ್ಯದಲ್ಲಿ ಯಾರಿಗಾದರೂ ಹೇಳಿ. ರಾಗವಿಲ್ಲದೆ ಪದ ನಾಲಿಗೆಗೆ ಬಂದರೆ ಕಲಿತಿದ್ದೀರಿ ಎಂದರ್ಥ. ಬಾರದಿದ್ದರೆ ಹಾಡು ಮಾತ್ರ ಬಾಯಿಪಾಠವಾಗಿದೆ.

ವಾರಕ್ಕೊಂದು ಹಾಡು, ಐದು ಪದಗುಚ್ಛ ಎಂದರೂ ವರ್ಷಕ್ಕೆ 260 ಆಗುತ್ತದೆ. ಇದು ಕಡಿಮೆಯೇನಲ್ಲ. ಆದರೆ ಇಂಟರ್‌ವ್ಯೂನಲ್ಲಿ ಎದುರಿಗಿರುವವರು ಕೇಳುವ ಪ್ರಶ್ನೆ ಯಾವ ಹಾಡಿನಲ್ಲೂ ಇರುವುದಿಲ್ಲ. ಅದಕ್ಕೆ ಉತ್ತರ ಕೊಡುವುದು ಮನುಷ್ಯರ ಜೊತೆ ಮಾತಾಡಿಯೇ ರೂಢಿಯಾಗಬೇಕು. ಗೆಳೆಯರ ಜೊತೆ ದಿನಕ್ಕೆ ಹತ್ತು ನಿಮಿಷ ತಪ್ಪುತಪ್ಪಾಗಿ ಮಾತಾಡಿದರೂ ಸರಿಯೇ.

ಮುಂದಿನ ಸಲ ಇಂಥ ಫಾರ್ವರ್ಡ್ ಬಂದರೆ ಮೊದಲು ಮೂರು ವಿಷಯ ನೋಡಿ: ದಿನದ ಲೆಕ್ಕದಲ್ಲಿ ಭರವಸೆ ಕೊಟ್ಟಿದೆಯೇ, ನೀವು ಏನೂ ಮಾಡಬೇಕಿಲ್ಲ ಎನ್ನುತ್ತಿದೆಯೇ, ಕೊನೆಗೆ ಹಣ ಕೇಳುತ್ತಿದೆಯೇ? ಮೂರಕ್ಕೂ ‘ಹೌದು’ ಎಂದಾದರೆ ಹಣ ಕಟ್ಟಬೇಡಿ, ಬೇರೆಯವರಿಗೆ ಕಳಿಸಲೂ ಬೇಡಿ. ಹಾಡನ್ನು ಮಾತ್ರ ಧಾರಾಳವಾಗಿ ಕೇಳಿ, ಪಕ್ಕದಲ್ಲಿ ಒಂದು ಪೆನ್ನು, ಒಂದು ನೋಟ್‌ಬುಕ್ ಇರಲಿ.