ಉಪ್ಪುಮೂಟೆಯಿಂದ ಅಂಗನವಾಡಿಗೆ: ಜಹೀರಾಬಾದ್, ನಾರಾಯಣಖೇಡ, ತಾಂಡೂರು ಗಡಿಸೀಮೆಯಲ್ಲಿ ಕೂಸಿನ ಆಟದ ಚರಿತ್ರೆ

ಗಡಿನಾಡಿನ ಕನ್ನಡದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಶಾಲೆಯಿಂದ ಆರಂಭಿಸುತ್ತೇವೆ. ಎಷ್ಟು ಕನ್ನಡ ಶಾಲೆಗಳಿದ್ದವು, ಎಷ್ಟು ಉಳಿದವು, ಶಿಕ್ಷಕರ ನೇಮಕ ಯಾವಾಗ ನಿಂತಿತು ಎಂಬ ಪ್ರಶ್ನೆಗಳು ಅಗತ್ಯವಾದವೇ. ಆದರೆ ಮಗು ಶಾಲೆಯ ಬಾಗಿಲಿಗೆ ಬರುವ ಹೊತ್ತಿಗೆ ಐದಾರು ವರ್ಷಗಳ ಭಾಷಾಜೀವನವನ್ನು ಆಗಲೇ ಕಳೆದಿರುತ್ತದೆ. ಆ ಜೀವನದ ದೊಡ್ಡ ಪಾಲು ಕಲ್ಪನೆಯ ಆಟಕ್ಕೆ ಸೇರಿದ್ದು. ಕೋಲನ್ನು ಕುದುರೆಯೆಂದು, ಮಣ್ಣನ್ನು ಅನ್ನವೆಂದು, ಅಜ್ಜನ ಬೆನ್ನನ್ನು ಸಂತೆಯ ದಾರಿಯೆಂದು ಭಾವಿಸಿ ಆಡುವ ಆಟ. ನಡೆಯುವುದು, ಬಗ್ಗುವುದು, ಹಿಡಿಯುವುದು, ಎಣಿಸುವುದು, ಹೆಸರಿಡುವುದು ಇವೆಲ್ಲ ಮಗುವಿಗೆ ಮೊದಲು ಒದಗುವುದು ಈ ಆಟದಲ್ಲಿಯೇ. ಇಂದಿನ ತೆಲಂಗಾಣಕ್ಕೆ ಸೇರಿದ ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಸೀಮೆಯನ್ನು ಎದುರಿಗಿಟ್ಟುಕೊಂಡು ಈ ಆಟದ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಮೂರೂ ಊರುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಭಾಗವಾಗಿದ್ದವು. ರಾಜ್ಯ ಪುನರ್ವಿಂಗಡಣಾ ಕಾಯಿದೆಯು ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲ್ಲೂಕನ್ನು, ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕನ್ನು, ನಿರ್ಣಾ ವೃತ್ತವೊಂದನ್ನು ಬಿಟ್ಟು ಜಹೀರಾಬಾದ್ ತಾಲ್ಲೂಕನ್ನು ಆಂಧ್ರಪ್ರದೇಶಕ್ಕೆ ಸೇರಿಸಿತು. ಒಂದೇ ತಾಲ್ಲೂಕಿನ ಒಂದು ವೃತ್ತ ಮೈಸೂರು ರಾಜ್ಯಕ್ಕೆ, ಉಳಿದದ್ದು ಆಂಧ್ರಕ್ಕೆ. 2014ರ ಜೂನ್ 2ರಂದು ತೆಲಂಗಾಣ ರಾಜ್ಯವಾಯಿತು; 2016ರ ಜಿಲ್ಲಾ ಮರುವಿಂಗಡಣೆಯಲ್ಲಿ ಜಹೀರಾಬಾದ್, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಹೋದವು. ಗಡಿ ಬದಲಾಗುವ ಮೊದಲೂ ಇದು ಏಕಭಾಷೆಯ ಸೀಮೆಯಾಗಿರಲಿಲ್ಲ. ಮನೆಯಲ್ಲಿ ಕನ್ನಡ ಅಥವಾ ತೆಲುಗು, ನಾರಾಯಣಖೇಡದ ಕಡೆ ಮರಾಠಿಯ ನೆರೆ, ತಾಂಡಾಗಳಲ್ಲಿ ಲಂಬಾಣಿ, ಪೇಟೆಯಲ್ಲಿ ದಖನಿ. ಆಡಳಿತದ ಮತ್ತು 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾಷೆ ಉರ್ದು. ಕೂಸಿನ ಆಟ ರೂಪುಗೊಂಡದ್ದು ಈ ಬಹುಭಾಷಾ ಅಂಗಳದಲ್ಲಿ.

ಮೊದಲು ಉಪ್ಪುಮೂಟೆಯನ್ನು ನೋಡಬಹುದು. ಮಗುವನ್ನು ಬೆನ್ನಿಗೇರಿಸಿಕೊಂಡು ಉಪ್ಪು ಮಾರಲು ಹೊರಟವರಂತೆ ಓಣಿಯಲ್ಲಿ ಸಾಗುವ ಈ ಆಟಕ್ಕೆ ಕನ್ನಡದಲ್ಲಿ ಉಪ್ಪುಮೂಟೆಯೆಂದೂ ಕೂಸುಮರಿಯೆಂದೂ ಹೆಸರುಂಟು. ತೆಲುಗಿನಲ್ಲಿಯೂ ಅದು ‘ಉಪ್ಪು ಮೂಟ’ವೇ. ಉಪ್ಪು ಹೊತ್ತು ಊರೂರು ತಿರುಗುವ ವ್ಯಾಪಾರ ಕಣ್ಮರೆಯಾದ ಮೇಲೂ ಅದರ ಭಂಗಿ ಎರಡೂ ಭಾಷೆಗಳ ಮಕ್ಕಳ ಮೈಯಲ್ಲಿ ಉಳಿದುಕೊಂಡಿದೆ. ಆಟದ ದೈಹಿಕ ಕೆಲಸ ಸ್ಪಷ್ಟವಾದದ್ದು. ಮಗು ತೋಳುಗಳಿಂದ ಕೊರಳನ್ನು ಬಿಗಿಹಿಡಿಯಬೇಕು, ತೊಡೆಗಳಿಂದ ಸೊಂಟವನ್ನು ಒತ್ತಬೇಕು, ಹೊತ್ತವರು ತಿರುಗಿದಾಗ ತಾನೂ ವಾಲಿ ತೂಕ ಸರಿದೂಗಿಸಬೇಕು. ಉಪ್ಪು ಬೇಕೇ ಎಂದು ಹೊತ್ತವರು ಕೇಳಿದಾಗ ಮನೆಯವರು ಬೆಲೆ ಚೌಕಾಸಿ ಮಾಡುತ್ತಾರೆ. ಸಮತೋಲನದ ಜೊತೆಗೆ ಪ್ರಶ್ನೋತ್ತರದ ಸರದಿಯನ್ನೂ ಕೂಸು ಹೀಗೆ ಕಲಿಯುತ್ತದೆ. ಮಾತು ಬಾರದ ಮಗುವಿಗೂ ಈ ಸಂಭಾಷಣೆಯಲ್ಲಿ ಒಂದು ಪಾತ್ರವಿದೆ. ಅದು ಸರಕಿನ ಪಾತ್ರ.

ಎರಡನೆಯದು ಅಡುಗೆಯಾಟ. ಚಿಪ್ಪು, ಮುಚ್ಚಳ, ಮಣ್ಣು, ಎಲೆ ಇಷ್ಟೇ ಇದರ ಸಾಮಗ್ರಿ. ತೆಲುಗಿನಲ್ಲಿ ಇದಕ್ಕೆ ‘ಗುಜ್ಜನಗೂಳ್ಳು’ ಎಂಬ ಹಳೆಯ ಹೆಸರಿದೆ. ಹೈದರಾಬಾದಿನ ಉರ್ದು ಮನೆಗಳಲ್ಲಿ ಅದು ‘ಹಂಡಕುಲಿಯಾ’. ಸುರಿಯುವುದು, ಕಲಸುವುದು, ತಟ್ಟುವುದು, ಚಿಟಿಕೆ ಹಿಡಿಯುವುದು ಮುಂದೆ ಬಳಪ ಹಿಡಿಯಬೇಕಾದ ಬೆರಳುಗಳಿಗೆ ಆಗುವ ತಾಲೀಮು. ಜೋಳ ಈ ಸೀಮೆಯ ಮುಖ್ಯ ಆಹಾರವಾದ್ದರಿಂದ ಇಲ್ಲಿನ ಮಗುವಿನ ಆಟದಲ್ಲಿ ರೊಟ್ಟಿ ಬಡಿಯುವುದೇ ಪ್ರಧಾನ ಕ್ರಿಯೆ. ಎರಡೂ ಅಂಗೈಗಳನ್ನು ಒಂದೇ ಲಯದಲ್ಲಿ ದುಡಿಸಿ ಮಣ್ಣಿನ ಮುದ್ದೆಯನ್ನು ದುಂಡಗೆ ಹರಡುವುದು ಎರಡು ವರ್ಷದ ಮಗುವಿಗೆ ಸಣ್ಣ ಸಾಧನೆಯಲ್ಲ. ಬಳಿಕ ಹಂಚುವ ಕೆಲಸ ಬರುತ್ತದೆ. ಅಪ್ಪನಿಗೊಂದು, ಅವ್ವನಿಗೊಂದು, ಗೊಂಬೆಗೊಂದು ಎಂದು ಕೊಡುವಾಗ ಒಂದಕ್ಕೆ ಒಂದು ಹೊಂದಿಸುವ ಗಣಿತದ ಮೊದಲ ಪಾಠ ನಡೆದಿರುತ್ತದೆ.

ಮೂರನೆಯದು ಪ್ರಾಣಿಯಾಗುವ, ಪ್ರಾಣಿಯನ್ನೇರುವ ಆಟ. ಕೋಲುಕುದುರೆ ಜಗತ್ತಿನ ಅನೇಕ ಕಡೆ ಇದೆ. 1933ರ ತಮ್ಮ ಉಪನ್ಯಾಸದಲ್ಲಿ ರಷ್ಯದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ ಇದೇ ಉದಾಹರಣೆಯನ್ನು ಎತ್ತಿಕೊಂಡರು. ಕೋಲು ಕುದುರೆಯಾಗುವ ಕ್ಷಣದಲ್ಲಿ ಅರ್ಥವು ವಸ್ತುವಿನಿಂದ ಬಿಡಿಸಿಕೊಳ್ಳುತ್ತದೆ. ಆದರೆ ಯಾವ ವಸ್ತುವೂ ಕುದುರೆಯಾಗಲಾರದು, ಏಕೆಂದರೆ ಅದನ್ನು ಏರಿ ಓಡುವಂತಿರಬೇಕು ಎಂಬುದು ಅವರ ವಾದ. ಕಲಾ ಇತಿಹಾಸಕಾರ ಗೊಂಬ್ರಿಚ್ 1951ರ ಪ್ರಬಂಧವೊಂದರಲ್ಲಿ ಕೋಲುಕುದುರೆಯು ಕುದುರೆಯ ಚಿತ್ರವಲ್ಲ, ಅದರ ಬದಲಿ ಎಂದು ಹೇಳಿ ಸುಮಾರು ಇದೇ ನಿಲುವಿಗೆ ಬೇರೆ ದಾರಿಯಿಂದ ಬಂದರು. ಇಬ್ಬರ ವಿಚಾರಗಳನ್ನು ಕೂಡಿಸಿದರೆ ನಮಗೆ ದೊರಕುವ ತತ್ತ್ವವಿಷ್ಟು: ಕಲ್ಪನೆ ದೇಹದಿಂದ ಬೇರೆಯಾದುದಲ್ಲ. ಮಗು ಮೊದಲು ಓಡುತ್ತದೆ, ಆ ಓಟ ಕೋಲನ್ನು ಕುದುರೆಯಾಗಿಸುತ್ತದೆ.

ಈ ಸೀಮೆಯಲ್ಲಿ ಪ್ರಾಣಿಯ ಆಟಕ್ಕೆ ಹಬ್ಬಗಳ ಬೆಂಬಲವೂ ಇತ್ತು. ಜ್ಯೇಷ್ಠದ ಕಾರಹುಣ್ಣಿಮೆಯಲ್ಲಿ ನಿಜವಾದ ಎತ್ತುಗಳ ಮೆರವಣಿಗೆ. ಆ ತಿಂಗಳ ಕೊನೆಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಣ್ಣಿನ ಎತ್ತುಗಳ ಪೂಜೆ. ಹಿರಿಯರು ಮಾಡಿದ್ದನ್ನು ಹದಿನೈದು ದಿನಗಳಲ್ಲಿ ಕಿರಿದಾಗಿ ಮತ್ತೆ ಆಡುವ ಅವಕಾಶ ಮಕ್ಕಳಿಗೆ ಹೀಗೆ ಪಂಚಾಂಗದಲ್ಲಿಯೇ ಇದೆ. ಅದೇ ಜ್ಯೇಷ್ಠ ಹುಣ್ಣಿಮೆ ತೆಲುಗರಿಗೆ ಏರುವಾಕ ಪುನ್ನಮಿ. ಶ್ರಾವಣ ಅಮಾವಾಸ್ಯೆಯ ಮರಾಠಿ ಪೋಳಾದ ಮರುದಿನ ವಿದರ್ಭದಲ್ಲಿ ಮಕ್ಕಳು ಮರದ ಎತ್ತುಗಳನ್ನು ಎಳೆದು ತಾನ್ಹಾ ಪೋಳಾ ಆಚರಿಸುತ್ತಾರೆ. ತೆಲಂಗಾಣದ ಬತುಕಮ್ಮನಿಗೆ ಮುನ್ನ ಎಳೆಯ ಹೆಣ್ಣುಮಕ್ಕಳ ಬೊಡ್ಡೆಮ್ಮ ಬರುತ್ತದೆ; ಅಲ್ಲಿಯೂ ಮಣ್ಣು, ಚಪ್ಪಾಳೆ, ಸುತ್ತುಹೆಜ್ಜೆ. ಇನ್ನೂ ಸರಿಯಾಗಿ ನಡೆಯಲಾರದ ಮಗು ಅಕ್ಕನ ಸೆರಗು ಹಿಡಿದು ಆ ಸುತ್ತಿಗೆ ಸೇರಿಕೊಳ್ಳುವುದು ಎಲ್ಲರೂ ಕಂಡ ದೃಶ್ಯ. ಮಣ್ಣಿನ ಆಟಿಕೆಯ ಘನತೆ ಸಾಹಿತ್ಯಕ್ಕೆ ಹೊಸದಲ್ಲ. ಶೂದ್ರಕನ ನಾಟಕಕ್ಕೆ ‘ಮೃಚ್ಛಕಟಿಕ’ವೆಂಬ ಹೆಸರು ಬಂದದ್ದೇ ಚಾರುದತ್ತನ ಮಗ ರೋಹಸೇನನು ಬೇಡವೆಂದು ಅತ್ತ ಮಣ್ಣಿನ ಬಂಡಿಯಿಂದ.

ಇಷ್ಟು ಸಾಮ್ಯವಿರುವಾಗ ಭಾಷೆಯ ಪ್ರಶ್ನೆ ಎಲ್ಲಿ ಹುಟ್ಟುತ್ತದೆ? ಆಟ ಒಂದೇ, ಕ್ರಿಯೆ ಒಂದೇ, ಆದರೆ ಕ್ರಿಯೆಗೆ ಅಂಟಿದ ಪದ ಬೇರೆ. ಕನ್ನಡದ ಹುಲಿ, ಹಾಲು, ಹೊಲಗಳು ತೆಲುಗಿನಲ್ಲಿ ಪುಲಿ, ಪಾಲು, ಪೊಲಂ; ಗೊಂಬೆ ಅಲ್ಲಿ ಬೊಮ್ಮ. ಇಂಥ ಜೋಡಿಗಳನ್ನು ಗಡಿಯ ಮಗು ಸುಲಭವಾಗಿ ಹಿಡಿಯುತ್ತದೆ. ಎಡವಿಸುವ ಜೋಡಿಗಳೂ ಇವೆ. ಕನ್ನಡದಲ್ಲಿ ‘ಎತ್ತು’ ಪ್ರಾಣಿಯೂ ಹೌದು, ಮೇಲಕ್ಕೆ ಹಿಡಿ ಎಂಬ ಆಜ್ಞೆಯೂ ಹೌದು. ತೆಲುಗಿನಲ್ಲಿ ಆಜ್ಞೆ ‘ಎತ್ತು’ವೇ, ಪ್ರಾಣಿ ಮಾತ್ರ ‘ಎದ್ದು’. ಆ ‘ಎದ್ದು’ ಕನ್ನಡ ಕಿವಿಗೆ ಏಳುವ ಕ್ರಿಯೆ. ಮಣ್ಣೆತ್ತನ್ನು ಎತ್ತಿ ಇಡುವ ಎರಡು ವರ್ಷದ ಕೂಸು ಎರಡು ವ್ಯಾಕರಣಗಳ ನಡುವೆ ಕೈಯಾಡಿಸುತ್ತಿರುತ್ತದೆ. ಇದು ಹೊರೆಯಲ್ಲ, ಸಂಪತ್ತು. ಆದರೆ ಎರಡೂ ಭಾಷೆಗಳಲ್ಲಿ ಮಗುವಿಗೆ ಜೊತೆಗಾರರಿದ್ದಾಗ ಮಾತ್ರ.

ಆ ಜೊತೆಗಾರಿಕೆ ಮನೆಯಿಂದ ಸಂಸ್ಥೆಗೆ ವರ್ಗವಾದದ್ದು ಇಪ್ಪತ್ತನೆಯ ಶತಮಾನದ ಘಟನೆ. ಜರ್ಮನಿಯ ಫ್ರೋಬೆಲ್ ತಾಯಂದಿರ ಕೈಯಾಟ, ಬೆರಳಾಟಗಳನ್ನು ಗಮನಿಸಿ 1844ರಲ್ಲಿ ಅವುಗಳ ಪುಸ್ತಕವೊಂದನ್ನು ಹೊರತಂದರು. ಶಿಶುವಿಹಾರದ ಕಲ್ಪನೆ ಮೂಲತಃ ತಾಯಿಯ ಮಡಿಲಿನಿಂದ ಪಡೆದ ಸಾಲ. ಭಾರತದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದ ಬಾಲಮಂದಿರವನ್ನು ಕಟ್ಟಿದರು. ಅವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿಯಲ್ಲಿ ಕೆಲಸ ಆರಂಭಿಸಿ, ಅನುತಾಯಿ ವಾಘ್ ಅವರೊಡನೆ ಬಾಲವಾಡಿಯನ್ನು ಆದಿವಾಸಿ ಮಕ್ಕಳ ಅಂಗಳಕ್ಕೇ ಕೊಂಡೊಯ್ದರು. ದುಬಾರಿ ಉಪಕರಣಗಳ ಬದಲು ಕಲ್ಲು, ಬೀಜ, ಎಲೆಗಳನ್ನು ಬಳಸಿದ್ದು ಆ ಪ್ರಯೋಗದ ಹಿರಿಮೆ. 1975ರ ಅಕ್ಟೋಬರ್ 2ರಂದು 33 ಬ್ಲಾಕುಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಕೇಂದ್ರಕ್ಕೆ ಅಂಗನವಾಡಿಯೆಂಬ ಹೆಸರೇ ಸ್ಥಿರವಾಯಿತು. ಅಂಗಳ ಹೆಸರಿನಲ್ಲಿ ಉಳಿಯಿತು. ಅಂಗಳದ ಭಾಷೆ ಮಾತ್ರ ರಾಜ್ಯಭಾಷೆಗೆ ಎಡೆಬಿಟ್ಟಿತು.

ಜಹೀರಾಬಾದ್ ಸೀಮೆಯಲ್ಲಿಯೇ ಇದಕ್ಕೆ ಸಮೀಪದ ಇನ್ನೊಂದು ಅನುಭವವಿದೆ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯು 1980ರ ದಶಕದಿಂದ ದಲಿತ ಮಹಿಳೆಯರ ಸಂಘಗಳ ಮೂಲಕ ಸಿರಿಧಾನ್ಯ ಕೃಷಿಯನ್ನು ಕಟ್ಟಿತು. ಅದನ್ನು ಮುನ್ನಡೆಸಿದ, ಮೈಸೂರು ಮೂಲದ ಪಿ. ವಿ. ಸತೀಶ್ 2023ರಲ್ಲಿ ತೀರಿಕೊಂಡರು. ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ಈ ಸಂಘಗಳು ಬಾಲವಾಡಿಗಳನ್ನು ನಡೆಸಿದವು; ಮಚನೂರಿನಲ್ಲಿ ‘ಪಚ್ಚಸಾಲೆ’ಯೆಂಬ ಹಸಿರು ಶಾಲೆ ಬಂತು; 2008ರಲ್ಲಿ ಅಲ್ಲಿಯೇ ಸಂಘಂ ರೇಡಿಯೋ ಆರಂಭವಾಯಿತು. ಹಳ್ಳಿಯ ಹೆಂಗಸರ ಜ್ಞಾನವನ್ನು ಪಠ್ಯವಾಗಿ ಅಂಗೀಕರಿಸಬಹುದೆಂಬ ಮಾತು ಈ ಮಣ್ಣಿನಲ್ಲಿ ಕೇವಲ ಸಿದ್ಧಾಂತವಲ್ಲ ಎಂಬುದಕ್ಕೆ ಇವು ನಿದರ್ಶನ. ಬೀಜವನ್ನು ಕಾಪಿಟ್ಟ ಅಜ್ಜಿಯೇ ಆಟವನ್ನೂ ಕಾಪಿಟ್ಟವಳು.

ಕಾನೂನಿನ ನೆಲೆಯಲ್ಲಿ ನೋಡಿದರೆ ಸಮಸ್ಯೆ ಇನ್ನಷ್ಟು ನಿಚ್ಚಳವಾಗುತ್ತದೆ. 1956ರಲ್ಲಿಯೇ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯ ಒದಗಿಸಲು ರಾಜ್ಯಗಳಿಗೆ ಹೇಳುತ್ತದೆ. 2002ರ 86ನೆಯ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 45ನೆಯ ಅನುಚ್ಛೇದವು ಆರು ವರ್ಷದವರೆಗಿನ ಮಕ್ಕಳ ಪಾಲನೆ ಮತ್ತು ಶಿಕ್ಷಣದ ಬಗ್ಗೆ ಹೇಳುತ್ತದೆ. ಮೊದಲನೆಯದರಲ್ಲಿ ಭಾಷೆಯಿದೆ, ಕೂಸಿಲ್ಲ. ಎರಡನೆಯದರಲ್ಲಿ ಕೂಸಿದೆ, ಭಾಷೆಯಿಲ್ಲ. ತಾಂಡೂರಿನ ಕನ್ನಡ ಮನೆಯ ಮೂರು ವರ್ಷದ ಮಗು ನಿಂತಿರುವುದು ಈ ಎರಡರ ನಡುವಿನ ತೆರಪಿನಲ್ಲಿ. ಮುಂದಿನ ಶಾಲೆಯಲ್ಲಿ 2018ರ ಕಾಯಿದೆಯಂತೆ ತೆಲುಗು ಕಲಿಕೆ ಕಡ್ಡಾಯ. 2022–23ರಿಂದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ. ಎರಡಕ್ಕೂ ಸಕಾರಣಗಳಿವೆ. ಆದರೆ ಅವುಗಳ ಪರಿಣಾಮವಾಗಿ ಕನ್ನಡಕ್ಕೆ ಉಳಿಯುವ ವಯಸ್ಸು ಶಾಲೆಗೆ ಮುಂಚಿನ ವಯಸ್ಸು ಮಾತ್ರ.

ಆದ್ದರಿಂದ ಆ ವಯಸ್ಸನ್ನು ಬಿಟ್ಟುಕೊಡಲಾಗದು. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟವನ್ನೂ ಮನೆಮಾತನ್ನೂ ಕಲಿಕೆಯ ಕೇಂದ್ರದಲ್ಲಿಟ್ಟಿದೆ. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ 2024ರಲ್ಲಿ ‘ನವಚೇತನ’ ಚೌಕಟ್ಟು ಬಂದಿದೆ. ಇವುಗಳಡಿಯಲ್ಲಿ ಗಡಿಯ ಅಂಗನವಾಡಿಯಲ್ಲಿ ಕನ್ನಡಕ್ಕೆ ಸ್ಥಳ ಕೇಳಲು ಹೊಸ ಕಟ್ಟಡವಾಗಲಿ ಪ್ರತ್ಯೇಕ ಕೇಂದ್ರವಾಗಲಿ ಬೇಕಾಗಿಲ್ಲ. ವಾರಕ್ಕೊಮ್ಮೆ ಕನ್ನಡ ಮನೆಯ ಒಬ್ಬ ಅಜ್ಜಿ, ತೆಲುಗು ಮನೆಯ ಒಬ್ಬ ಅಜ್ಜಿ ಒಂದೇ ಚಾಪೆಯ ಮೇಲೆ ಕುಳಿತು ತಮ್ಮ ತಮ್ಮ ಮಾತಿನಲ್ಲಿ ಉಪ್ಪುಮೂಟೆ ಆಡಿಸಿದರೆ ಸಾಕು. ಸಂಶೋಧಕರ ಪಾಲಿನ ಕೆಲಸ ಅದಕ್ಕೆ ಪೂರಕವಾದದ್ದು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದಾಗ ಹೆಣ್ಣುಮಕ್ಕಳ ಕಂಠದಲ್ಲಿದ್ದುದು ಸಾಹಿತ್ಯವೆಂಬ ಮನ್ನಣೆ ಪಡೆಯಿತು. ಕೂಸಿನ ಆಟಕ್ಕೆ ಹಾಡಿನ ಪಠ್ಯವಷ್ಟೇ ಸಾಲದು. ಕೈ ಎಲ್ಲಿತ್ತು, ಮೈ ಯಾವ ಕಡೆ ವಾಲಿತು, ಯಾವ ಕ್ರಿಯಾಪದಕ್ಕೆ ಮಗು ಪ್ರತಿಕ್ರಿಯಿಸಿತು, ಆ ಪದ ಯಾವ ಭಾಷೆಯದು ಎಂಬುದೂ ದಾಖಲಾಗಬೇಕು. ಮೂರೂ ತಾಲ್ಲೂಕುಗಳಲ್ಲಿ, ನಿರ್ಣಾದ ಕಡೆಯ ಹಳ್ಳಿಗಳನ್ನೂ ಕೂಡಿಸಿಕೊಂಡು, ಹೀಗೆ ಸಿದ್ಧಪಡಿಸಿದ ಆಟಗಳ ದ್ವಿಭಾಷಾ ಕೋಶವು ಅಂಗನವಾಡಿ ಕಾರ್ಯಕರ್ತೆಯ ಕೈಪಿಡಿಯಾಗಿಯೂ ತೌಲನಿಕ ಅಧ್ಯಯನದ ಆಕರವಾಗಿಯೂ ಒದಗುತ್ತದೆ. 1956ಕ್ಕಿಂತ ಮೊದಲು ಈ ಆಟಗಳನ್ನಾಡಿ ಬೆಳೆದವರು ಇಂದು ಎಪ್ಪತ್ತು ದಾಟಿದ್ದಾರೆ. ಕೆಲಸದ ಮೊದಲ ಹಂತ ಅವರ ಮನೆಗಳಿಂದಲೇ ಆರಂಭವಾಗಬೇಕು.