ಗಾಳಿಗೆ ನಿಲ್ಲುವ ಕಬ್ಬಿಣ

ಕಬ್ಬಿಣದ ಅಂಗಡಿಯಲ್ಲಿ ವ್ಯಾಪಾರವೆಲ್ಲ ಕೆ.ಜಿ. ಲೆಕ್ಕದಲ್ಲಿ. ನಾಸಿಕ್‌ನಲ್ಲಿ ದ್ರಾಕ್ಷಿ ಪ್ಯಾಕಿಂಗ್‌ಗೆ ಶೆಡ್ ಹಾಕಿಸುವ ರೈತನಿರಲಿ, ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿ ಕಾರ್ಖಾನೆ ಮುಂದೆ ಬೈಕ್ ನಿಲ್ಲಿಸಲು ನೆರಳು ಮಾಡಿಸುವವರಿರಲಿ, ವಿಜಯಪುರದಲ್ಲಿ ಒಣದ್ರಾಕ್ಷಿ ಶೆಡ್ ಕಟ್ಟಿಸುವವರಿರಲಿ, ತೂಕ ಹೆಚ್ಚಿದ್ದರೆ ಗಟ್ಟಿ ಎಂಬ ನಂಬಿಕೆ ಎಲ್ಲರಿಗೂ ಒಂದೇ. ಬಯಲಲ್ಲಿ ನಿಲ್ಲುವ ಚೌಕಟ್ಟಿಗೆ ಯಾವ ಸೆಕ್ಷನ್, ಅಂದರೆ ಯಾವ ಆಕಾರದ ಕಬ್ಬಿಣ, ಬೇಕು ಎಂಬ ಪ್ರಶ್ನೆಗೆ ಎಂಜಿನಿಯರುಗಳು ಕೊಟ್ಟ ಉತ್ತರ ಮಾತ್ರ ಈ ನಂಬಿಕೆಯಿಂದ ದೂರ ದೂರ ಸರಿಯುತ್ತಲೇ ಬಂದಿದೆ.

ನಮ್ಮಲ್ಲಿ ಈ ಕಥೆಯನ್ನು ಬೆಂಗಳೂರಿನ ಲಾಲ್‌ಬಾಗ್‌ನಿಂದ ಶುರು ಮಾಡಬಹುದು. ಅಲ್ಲಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಎರಕದ ಕಬ್ಬಿಣ ಬಂದದ್ದು ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸ್ಯಾರಸೆನ್ ಫೌಂಡ್ರಿಯಿಂದ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಕಂಬಗಳೂ ಗ್ಲಾಸ್ಗೋದವೇ. ಅಂದು ಆಯ್ಕೆ ಎಂದರೆ ಕ್ಯಾಟಲಾಗ್ ತೆರೆದು ನಮೂನೆ ಗುರುತು ಹಾಕುವುದು. ಎರಕದ ಕಬ್ಬಿಣ ಅದುಮಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಆದ್ದರಿಂದ ಅದು ಕಂಬಕ್ಕೆ ಸರಿ, ತೊಲೆಗೆ ಅಲ್ಲ.

ತೊಲೆಗೆ ಉರುಳೆಯಲ್ಲಿ ಎಳೆದ ಉಕ್ಕು ಬೇಕಾಯಿತು. ಮೊದಮೊದಲು ಅದೂ ಹಡಗಿನಲ್ಲೇ ಬರುತ್ತಿತ್ತು. ಜಮ್‌ಶೆಡ್‌ಪುರದಲ್ಲಿ ಟಾಟಾದವರ ಮೊದಲ ಉಕ್ಕು 1912ರಲ್ಲಿ ಹೊರಬಂತು. 1923ರಲ್ಲಿ ಭದ್ರಾವತಿಯ ಕುಲುಮೆ ಇದ್ದಿಲಿನಿಂದ ಬೀಡು ಕಬ್ಬಿಣ ತೆಗೆಯತೊಡಗಿತು. ಇದರ ನಡುವೆ ಯಾವ ಪುಸ್ತಕಕ್ಕೂ ಸೇರದ ಇನ್ನೊಂದು ಸೆಕ್ಷನ್ ದೇಶವನ್ನೆಲ್ಲ ಹೊತ್ತಿತು: ಸವೆದ ರೈಲು ಕಂಬಿ. ಪ್ಲಾಟ್‌ಫಾರಂ ಮಾಡಿನ ಕಂಬ, ಹಳೆಯ ಮನೆಗಳ ತೊಲೆ, ಬೇಲಿಯ ಗೂಟ ಎಲ್ಲಕ್ಕೂ ಅದೇ. ಲೆಕ್ಕದ ದೃಷ್ಟಿಯಿಂದ ಅದು ಕೆಟ್ಟ ತೊಲೆ; ಉಕ್ಕಿನ ದೊಡ್ಡ ಪಾಲು ತಲೆಯಲ್ಲೇ ತುಂಬಿಕೊಂಡಿರುತ್ತದೆ. ಆದರೆ ದಪ್ಪ ಎಷ್ಟಿತ್ತೆಂದರೆ ತುಕ್ಕು ಹಲವು ದಶಕ ತಿಂದರೂ ಮುಗಿಯಲಿಲ್ಲ. ತೂಕವೇ ಗಟ್ಟಿತನ ಎಂಬ ನಂಬಿಕೆ ಬೇರುಬಿಟ್ಟದ್ದು ಈ ರೈಲು ಕಂಬಿಯಿಂದಲೇ ಎಂದು ನನ್ನ ಗುಮಾನಿ.

ಸ್ವಾತಂತ್ರ್ಯ ಬಂದ ಮೇಲೆ ಉಕ್ಕಿನ ಕೊರತೆ ಕಾಡಿತು. ಭಾರತೀಯ ಮಾನಕ ಸಂಸ್ಥೆ 1950ರ ಸುಮಾರಿಗೆ ಉಕ್ಕು ಉಳಿತಾಯದ ಕಾರ್ಯಕ್ರಮ ಹಮ್ಮಿಕೊಂಡಿತು. ಅದರ ಫಲವಾಗಿ ಉಕ್ಕಿನ ಕಟ್ಟಡಗಳ ಸಂಹಿತೆ ಐಎಸ್ 800, ಸೆಕ್ಷನ್‌ಗಳ ಅಳತೆ ಹೇಳುವ ಐಎಸ್ 808 ಬಂದವು, 1964ರಲ್ಲಿ ಎಸ್‌ಪಿ 6 ಕೈಪಿಡಿ ಬಂತು. ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಯ ಬ್ಯಾಗಿನಲ್ಲಿರುವ ‘ಸ್ಟೀಲ್ ಟೇಬಲ್’ ಇದರದೇ ಸಂತಾನ. ಜೂನಿಯರ್, ಲೈಟ್, ಮೀಡಿಯಂ, ವೈಡ್ ಫ್ಲ್ಯಾಂಜ್, ಹೆವಿ ಎಂದು ಐದು ಬಗೆಯ ಬೀಮುಗಳು ಕೋಷ್ಟಕದಲ್ಲಿ ಸಾಲಾಗಿ ನಿಂತವು. ಉದ್ದೇಶ ಒಳ್ಳೆಯದೇ, ಹಗುರವಾದದ್ದು ಸಾಕಾದಲ್ಲಿ ಹಗುರವಾದದ್ದನ್ನು ಹಾಕಲಿ ಎಂದು. ಆದರೆ ಅಂಗಡಿಗೆ ಹೋದರೆ ಸಲೀಸಾಗಿ ಸಿಗುವುದು ಮೀಡಿಯಂ ಬೀಮ್, ಚಾನಲ್, ಆ್ಯಂಗಲ್. ಹೀಗೆ ಎಷ್ಟೋ ಕಡೆ ಸೆಕ್ಷನ್ ಆರಿಸುವವನು ಡಿಸೈನರ್ ಅಲ್ಲ, ಅಂಗಡಿಯ ಗೋದಾಮು.

ಇದರ ಪರಿಣಾಮ ಒಂದೇ ಕಂಬದಲ್ಲಿ ಕಾಣುತ್ತದೆ. ಶೆಡ್ಡಿಗೆ 4 ಮೀಟರ್ ಎತ್ತರದ ಕಂಬ ಬೇಕು, ತಲೆ ಬುಡ ಎರಡೂ ಅತ್ತಿತ್ತ ಸರಿಯದಂತೆ ಹಿಡಿದಿದೆ ಎನ್ನೋಣ. 200 ಮಿ.ಮೀ. ಎತ್ತರದ ಮೀಡಿಯಂ ಬೀಮನ್ನು (ಐಎಸ್‌ಎಂಬಿ 200) ಕಂಬವಾಗಿ ನಿಲ್ಲಿಸಿದರೆ ಎಸ್‌ಪಿ 6ರ ಪ್ರಕಾರ ಮೀಟರಿಗೆ 25.4 ಕೆ.ಜಿ. ತೂಕ. ಆದರೆ ಅದರ ದುರ್ಬಲ ದಿಕ್ಕಿನ ಗೈರೇಶನ್ ತ್ರಿಜ್ಯ (ಉಕ್ಕು ನಡುವಿನಿಂದ ಎಷ್ಟು ದೂರ ಹರಡಿದೆ ಎಂಬುದರ ಅಳತೆ) 2.15 ಸೆಂ.ಮೀ. ಮಾತ್ರ. ಎತ್ತರದ 400 ಸೆಂ.ಮೀ.ಯನ್ನು 2.15ರಿಂದ ಭಾಗಿಸಿದರೆ, ಕಂಬ ಎಷ್ಟು ಸಪೂರ ಎಂದು ಹೇಳುವ ಸ್ಲೆಂಡರ್‌ನೆಸ್ ರೇಶಿಯೊ 186 ಬರುತ್ತದೆ. ಭಾರ ಹೊರುವ ಕಂಬಕ್ಕೆ ಐಎಸ್ 800 ಇಟ್ಟ ಮಿತಿ 180. ಅದೇ ಜಾಗದಲ್ಲಿ 100×100×4 ಮಿ.ಮೀ. ಬಾಕ್ಸ್ ಪೈಪ್ ನಿಲ್ಲಿಸಿದರೆ ತೂಕ ಮೀಟರಿಗೆ 11.7 ಕೆ.ಜಿ., ಗೈರೇಶನ್ ತ್ರಿಜ್ಯ ಎರಡೂ ದಿಕ್ಕಿಗೆ ಸುಮಾರು 3.9 ಸೆಂ.ಮೀ., ರೇಶಿಯೊ 103. ಅರ್ಧಕ್ಕಿಂತ ಕಡಿಮೆ ಉಕ್ಕು, ಬಾಗುವ ಭಯವೂ ಕಡಿಮೆ. ಬೀಮಿನ ಕೆಲಸ ಒಂದೇ ದಿಕ್ಕಿನಲ್ಲಿ ಬಾಗುವುದನ್ನು ತಡೆಯುವುದು. ಬಯಲಲ್ಲಿ ನಿಂತ ಕಂಬಕ್ಕಾದರೋ ಗಾಳಿ ಯಾವ ಕಡೆಯಿಂದ ಬಂದೀತೆಂದು ಹೇಳುವವರಿಲ್ಲ.

ಹಾಗೆಂದು ಬಾಕ್ಸ್ ಪೈಪ್ ಮಂತ್ರದಂಡವಲ್ಲ. ಅಡ್ಡ ಪಟ್ಟಿಗಳ ಬ್ರೇಸಿಂಗ್ ಇಲ್ಲದೆ ಬುಡದಲ್ಲಷ್ಟೇ ಬಿಗಿದು ತಲೆಯನ್ನು ತೂಗಾಡಲು ಬಿಟ್ಟರೆ ಲೆಕ್ಕಕ್ಕೆ ಉದ್ದ ದುಪ್ಪಟ್ಟಾಗುತ್ತದೆ. ಇದೇ ಪೈಪ್ 206ಕ್ಕೆ ಹೋಗಿ ಮಿತಿ ದಾಟುತ್ತದೆ. ಹೆಚ್ಚಿನ ಗ್ರೇಡ್ ಕೊಂಡರೂ ಇಲ್ಲಿ ಪ್ರಯೋಜನವಿಲ್ಲ. 250 ಮೆಗಾಪಾಸ್ಕಲ್ ಗ್ರೇಡಿನ ಉಕ್ಕಿರಲಿ 350ರದ್ದಿರಲಿ, ಸ್ಥಿತಿಸ್ಥಾಪಕ ಗುಣಾಂಕ ಒಂದೇ, ಸುಮಾರು 2 ಲಕ್ಷ ಮೆಗಾಪಾಸ್ಕಲ್. ಮೂಲೆಗೆ ಹಾಕಿದ ಎರಡು ಅಡ್ಡ ಪಟ್ಟಿ ಮಾಡುವ ಕೆಲಸವನ್ನು ದುಬಾರಿ ಉಕ್ಕು ಮಾಡದು.

ಗಾಳಿಯ ಲೆಕ್ಕವನ್ನು ಐಎಸ್ 875ರ ಮೂರನೇ ಭಾಗ ಹೇಳುತ್ತದೆ. ಬೆಂಗಳೂರಿಗೆ ಮೂಲ ವೇಗ ಸೆಕೆಂಡಿಗೆ 33 ಮೀಟರ್. ನಾಸಿಕ್, ಸಂಭಾಜಿನಗರ, ಮಂಗಳೂರು ಮೂರಕ್ಕೂ 39. ವ್ಯತ್ಯಾಸ ಚಿಕ್ಕದೆನಿಸಬಹುದು, ಆದರೆ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಚದರ ಮೀಟರಿಗೆ ಬೆಂಗಳೂರಿನಲ್ಲಿ ಸುಮಾರು 67 ಕೆ.ಜಿ., ನಾಸಿಕ್‌ನಲ್ಲಿ 93. ಬೆಂಗಳೂರಿನ ಡ್ರಾಯಿಂಗ್ ಅನ್ನೇ ಅಲ್ಲಿಗೆ ಒಯ್ದರೆ ಹೊರೆ ಶೇ 40ರಷ್ಟು ಹೆಚ್ಚು. ಗೋಡೆಯಿಲ್ಲದ ಮಾಡಿನ ಅಡಿಗೆ ಗಾಳಿ ನುಗ್ಗಿದರೆ ಅದು ಎತ್ತುತ್ತದೆ. ನಾಸಿಕ್‌ನಲ್ಲಿ 6×10 ಮೀಟರಿನ ಮಾಡಿಗೆ ಒತ್ತಡದ ಗುಣಾಂಕ 1 ಎಂದು ಹಿಡಿದರೂ ಮೇಲ್ಮುಖದ ಎಳೆತ ಐದೂವರೆ ಟನ್. ಶೀಟ್, ಅದನ್ನು ಹೊರುವ ಪರ್ಲಿನ್, ಟ್ರಸ್ ಎಲ್ಲ ಸೇರಿದರೂ ಅಷ್ಟು ಭಾರವಿರುವುದಿಲ್ಲ. ಉಳಿದದ್ದನ್ನು ಹಿಡಿಯಬೇಕಾದದ್ದು ಬುಡದ ಬೋಲ್ಟು, ಕಾಂಕ್ರೀಟು. ಸೆಕ್ಷನ್‌ಗೆ ತಿಂಗಳುಗಟ್ಟಲೆ ಚೌಕಾಸಿ ಮಾಡಿ ಪಾಯವನ್ನು ಮೇಸ್ತ್ರಿಯ ಅಂದಾಜಿಗೆ ಬಿಡುವವರನ್ನು ಕಂಡಾಗ ನನಗೆ ಸಿಟ್ಟು ಬರುವುದು ಇದಕ್ಕೇ.

ಕಾರ್ಖಾನೆಗಳ ಮಟ್ಟದಲ್ಲಿ ತಿರುವು ಬಂದದ್ದು ಪಿಇಬಿಯಿಂದ, ಅಂದರೆ ಭಾಗಗಳನ್ನು ಮೊದಲೇ ತಯಾರಿಸಿ ಸ್ಥಳದಲ್ಲಿ ಜೋಡಿಸುವ ಪ್ರಿ-ಎಂಜಿನಿಯರ್ಡ್ ಕಟ್ಟಡಗಳಿಂದ. 1985ರಲ್ಲಿ ವಾಳೂಜ್‌ನಲ್ಲಿ ಬಜಾಜ್ ಸ್ಥಾವರ ಶುರುವಾದ ಕಾಲದಲ್ಲಿ ಕೈಗಾರಿಕಾ ಶೆಡ್ ಎಂದರೆ ಸಾಮಾನ್ಯವಾಗಿ ಆ್ಯಂಗಲ್ ಟ್ರಸ್, ಮೇಲೆ ಸಿಮೆಂಟ್ ಶೀಟ್. ಆಮೇಲೆ ಹೈದರಾಬಾದ್ ಬಳಿ ಕಿರ್ಬಿ, 2005ರಲ್ಲಿ ಟಾಟಾ ಬ್ಲೂಸ್ಕೋಪ್ ಎಂಬ ಪಿಇಬಿ ಕಂಪನಿಗಳು ಬಂದವು. ಕೋಷ್ಟಕದಿಂದ ಸೆಕ್ಷನ್ ಆರಿಸುವ ಪದ್ಧತಿಯೇ ಹಿಂದಾಯಿತು. ಪ್ಲೇಟು ಕತ್ತರಿಸಿ, ಬಾಗುಬಲ ಹೆಚ್ಚಿರುವಲ್ಲಿ ಅಗಲ, ಕಡಿಮೆ ಇರುವಲ್ಲಿ ಕಿರಿದು ಮಾಡಿ ವೆಲ್ಡ್ ಮಾಡಿದ ಚೌಕಟ್ಟು ಬಂತು. ಚಾನಲ್ ಪರ್ಲಿನ್ ಜಾಗಕ್ಕೆ ಕಲಾಯಿ ಮಾಡಿದ ತೆಳು ಝಡ್ ಪರ್ಲಿನ್ ಬಂತು. ಒಂದರ ತುದಿ ಇನ್ನೊಂದರೊಳಗೆ ಕೂರುವುದರಿಂದ ಆಧಾರದ ಮೇಲೆ ದುಪ್ಪಟ್ಟು ಬಲ, ಅದೂ ಬೇಕಾದ ಜಾಗದಲ್ಲೇ.

ಆಕಾರ ಗೆದ್ದಂತೆಲ್ಲ ದಪ್ಪ ಇಳಿಯಿತು. ದಪ್ಪ ಇಳಿದಂತೆಲ್ಲ ತುಕ್ಕಿಗೆ ಬಿಟ್ಟ ಅವಕಾಶವೂ ಇಳಿಯಿತು. ಕೊಳವೆಗಳ ಸಂಹಿತೆ ಐಎಸ್ 806 ಇದನ್ನು 1968ರಲ್ಲೇ ಗಮನಕ್ಕೆ ತಂದುಕೊಂಡಿತ್ತು. ಮಳೆಬಿಸಿಲಿಗೆ ಒಡ್ಡಿದ, ಕಾಲಕಾಲಕ್ಕೆ ಬಣ್ಣ ಕಾಣುವ ಕೊಳವೆಗೆ ಗೋಡೆ ದಪ್ಪ ಕನಿಷ್ಠ 4 ಮಿ.ಮೀ., ನೆರಳಲ್ಲಿದ್ದರೆ 3.2, ಬಣ್ಣ ಬಳಿಯಲು ಕೈ ಎಟುಕದಿದ್ದರೆ 5. ಇಂದು ಅಂಗಳದ ಶೆಡ್‌ಗಳಲ್ಲಿ 2 ಮಿ.ಮೀ. ಬಾಕ್ಸ್ ಪೈಪ್ ಧಾರಾಳ. ಸಂಭಾಜಿನಗರದ ಒಣ ಹವೆಯಲ್ಲಿ ಅದು ಕೆಲಕಾಲ ನಡೆದೀತು. ನಾಸಿಕ್ ಜಿಲ್ಲೆಯದೇ ಇಗತಪುರಿಯ ಘಟ್ಟದ ಮಳೆಯಲ್ಲಿ, ಮಂಗಳೂರಿನ ಉಪ್ಪುಗಾಳಿಯಲ್ಲಿ ನಡೆಯದು. ತುಕ್ಕು ಮೊದಲು ಹಿಡಿಯುವುದು ಕಂಬದ ಬುಡಕ್ಕೆ, ಬೇಸ್ ಪ್ಲೇಟಿನ ಮೇಲೆ ನೀರು ನಿಲ್ಲುವಲ್ಲಿ. ಆಮೇಲೆ ಮುಚ್ಚಳ ಹಾಕದ ಪೈಪಿನ ಒಳಗೆ, ಅಂದರೆ ಕಣ್ಣಿಗೆ ಬೀಳದ ಕಡೆ. ಬಿಸಿ ಸತುವಿನಲ್ಲಿ ಅದ್ದುವುದೇ ಆದರೆ ಮುಚ್ಚಿದ ಪೈಪಿಗೆ ಮೊದಲು ಗಾಳಿ ಹೋಗುವ ತೂತು ಕೊರೆಯಬೇಕು. ಇಲ್ಲದಿದ್ದರೆ ಒಳಗಿನ ತೇವ ಆವಿಯಾಗಿ ಪೈಪ್ ಸಿಡಿಯಬಹುದು.

ಇತ್ತೀಚಿನ ಅಧ್ಯಾಯ ಸೌರ ಫಲಕಗಳದ್ದು. ತುಮಕೂರು ಜಿಲ್ಲೆಯ ಪಾವಗಡದಂಥ ಸೌರ ಪಾರ್ಕುಗಳಲ್ಲಾಗಲಿ ಊರಿನ ತಾರಸಿಗಳಲ್ಲಾಗಲಿ, ಕಾಯಿಸದೆ ಮಡಿಚಿದ, ಅಂಚು ಒಳಬಾಗಿದ ತೆಳು (ಲಿಪ್ಡ್) ಚಾನಲ್‌ಗಳೇ ಹೆಚ್ಚು. ಲೇಪನ ಚೆನ್ನಾಗಿದ್ದರೆ ಅವು ಬಾಳುತ್ತವೆ, ಕತ್ತರಿಸಿದ ತುದಿಗೂ ಕೊರೆದ ತೂತಿಗೂ ಸ್ಥಳದಲ್ಲೇ ಸತುವಿನ ಬಣ್ಣ ಹಚ್ಚಿದ್ದರೆ. ಇತ್ತ ಬಾಕ್ಸ್ ಪೈಪ್ ಕೊಳ್ಳುವವರಿಗೆ ಅಂಗಡಿಯ ತಕ್ಕಡಿ ಈಗಲೂ ಒಂದು ಕೆಲಸಕ್ಕೆ ಬರುತ್ತದೆ: 100×100ರ 6 ಮೀಟರ್ ಉದ್ದ 4 ಮಿ.ಮೀ. ಆಗಿದ್ದರೆ ಸುಮಾರು 70 ಕೆ.ಜಿ. ತೂಗಬೇಕು, 54ರ ಹತ್ತಿರ ತೂಗಿದರೆ ಕೈಗೆ ಬಂದದ್ದು 3 ಮಿ.ಮೀ.